ಅರ್ಧ ಮಿಲಿಮೀಟರ್ ತೂತಿನ ಚರಿತ್ರೆ

ಹಳೆಯ ಕಾಲದ ಕಾರುಗಳ ಪೆಟ್ರೋಲ್ ಟ್ಯಾಂಕಿಯ ಮುಚ್ಚಳದಲ್ಲಿ ಒಂದು ಸಣ್ಣ ತೂತು ಇರುತ್ತಿತ್ತು. ತಯಾರಕರ ಅಜಾಗರೂಕತೆಯಿಂದ ಉಳಿದುಹೋದ ತೂತಲ್ಲ ಅದು; ಬೇಕೆಂದೇ ಇಟ್ಟದ್ದು. ಎಂಜಿನ್ನು ಪೆಟ್ರೋಲನ್ನು ಹೀರಿಕೊಂಡಂತೆಲ್ಲ ಟ್ಯಾಂಕಿಯೊಳಗೆ ತೆರವಾಗುವ ಜಾಗಕ್ಕೆ ಹೊರಗಿನ ಗಾಳಿ ಬರಬೇಕು. ಬಾರದಿದ್ದರೆ ಒಳಗೆ ನಿರ್ವಾತ ಉಂಟಾಗಿ, ಪೆಟ್ರೋಲ್ ಮುಂದಕ್ಕೆ ಹರಿಯದೆ, ಕಾರು ಕೆಮ್ಮುತ್ತ ಕೆಮ್ಮುತ್ತ ರಸ್ತೆಯ ಮಧ್ಯದಲ್ಲಿ ನಿಂತುಬಿಡುತ್ತದೆ. ಎಣ್ಣೆ ಡಬ್ಬಕ್ಕೆ ಒಂದು ಕಡೆಯಲ್ಲಲ್ಲ, ಎರಡು ಕಡೆ ತೂತು ಹೊಡೆಯಬೇಕೆಂಬುದು ಕಿರಾಣಿ ಅಂಗಡಿಯವನಿಗೂ ಗೊತ್ತಿರುವ ವಿದ್ಯೆ. ಕಾರು ತಯಾರಕರು ಮಾಡಿದ್ದೂ ಅದನ್ನೇ.

ಈಗ ಇನ್ನೊಂದು ಚಿತ್ರ ನೋಡಿ. ಇಂದು ಅಮೆರಿಕದಲ್ಲಿ ಓಡಾಡುವ ಕಾರಿನ ಪೆಟ್ರೋಲ್ ಟ್ಯಾಂಕಿಯಲ್ಲೋ ಅದಕ್ಕೆ ಸೇರಿದ ಕೊಳವೆಗಳಲ್ಲೋ ಅರ್ಧ ಮಿಲಿಮೀಟರ್ ಅಗಲದ ಒಂದು ತೂತು ಬಿದ್ದರೆ ಸಾಕು, ಚಾಲಕನ ಎದುರಿನ ಫಲಕದಲ್ಲಿ ಹಳದಿ ದೀಪವೊಂದು ಹತ್ತಿಕೊಳ್ಳುತ್ತದೆ. ಕಾರು ಎಂದಿನಂತೆ ಓಡುತ್ತಿರುತ್ತದೆ. ಒಂದು ತೊಟ್ಟು ಪೆಟ್ರೋಲ್ ನೆಲಕ್ಕೆ ಬಿದ್ದಿರುವುದಿಲ್ಲ. ಎಷ್ಟೋ ಸಲ ವಾಸನೆ ಕೂಡ ಇರುವುದಿಲ್ಲ. ಆದರೂ ದೀಪ ಆರುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಾದರೆ ಕೆಲವು ವರ್ಷ ಹಳೆಯದಾದ ಕಾರುಗಳು ಎರಡು ವರ್ಷಕ್ಕೊಮ್ಮೆ ಹೊಗೆ ತಪಾಸಣೆಗೆ ಹೋಗಬೇಕು. ಈ ದೀಪ ಉರಿಯುತ್ತಿದ್ದರೆ ಅಲ್ಲಿ ನಪಾಸು, ನೋಂದಣಿಯ ನವೀಕರಣವೂ ಇಲ್ಲ. ಬೆಂಗಳೂರಿನಿಂದಲೋ ಮೈಸೂರಿನಿಂದಲೋ ಹೋಗಿ ಅಲ್ಲಿ ನೆಲೆಸಿರುವ ನಮ್ಮವರಿಗೂ ಈ ದೀಪ ಅಪರಿಚಿತವಲ್ಲ. ಮೆಕ್ಯಾನಿಕ್ ಒಂದು ಪುಟ್ಟ ಯಂತ್ರವನ್ನು ಕಾರಿಗೆ ಜೋಡಿಸಿ, ‘ಪಿ 0442’ ಎಂದೋ ‘ಪಿ 0456’ ಎಂದೋ ಓದಿ ಹೇಳುತ್ತಾನೆ. ಮೊದಲನೆಯದಕ್ಕೆ ಸಣ್ಣ ಸೋರಿಕೆ ಎಂದೂ ಎರಡನೆಯದಕ್ಕೆ ಅತಿ ಸಣ್ಣ ಸೋರಿಕೆ ಎಂದೂ ಅರ್ಥ. ಸೋರುತ್ತಿರುವುದು ಪೆಟ್ರೋಲಲ್ಲ, ಪೆಟ್ರೋಲಿನ ಆವಿ.

ಒಂದು ಕಾಲದಲ್ಲಿ ಕಾರ್ಖಾನೆಯವರೇ ಕೊರೆದು ಕೊಡುತ್ತಿದ್ದ ತೂತು ಅಪರಾಧವಾದದ್ದು ಹೇಗೆ? ಇದನ್ನು ತಿಳಿಯಲು 1943ರ ಲಾಸ್ ಏಂಜಲೀಸ್ ನಗರಕ್ಕೆ ಹೋಗಬೇಕು.

ಆ ವರ್ಷದ ಜುಲೈ 26ರಂದು ನಗರದ ಮೇಲೆ ಕಂದು ಬಣ್ಣದ ಮಬ್ಬು ಕವಿಯಿತು. ಜನರ ಕಣ್ಣು ಉರಿಯತೊಡಗಿತು, ಮೂಗು ಸುರಿಯಿತು, ಗಂಟಲು ಕೆರೆಯಿತು. ಮೂರು ಬೀದಿಗಳಾಚೆಗೆ ಏನೂ ಕಾಣದಾಯಿತು. ಎರಡನೆಯ ಮಹಾಯುದ್ಧ ಜೋರಾಗಿ ನಡೆಯುತ್ತಿದ್ದ ಕಾಲ. ಜಪಾನೀಯರು ವಿಷಾನಿಲ ಬಿಟ್ಟರೇನೋ ಎಂದು ಜನ ಹೆದರಿದರು. ಶತ್ರು ಹೊರಗಿನವನಲ್ಲ ಎಂದು ಖಚಿತವಾದ ಮೇಲೆ ಊರೊಳಗೇ ಒಬ್ಬ ಅಪರಾಧಿಯನ್ನು ಹುಡುಕಲಾಯಿತು. ಅಲಿಸೊ ಬೀದಿಯಲ್ಲಿ ಯುದ್ಧಕ್ಕೆ ಬೇಕಾದ ಕೃತಕ ರಬ್ಬರಿಗಾಗಿ ಬ್ಯೂಟಡೈಯೀನ್ ತಯಾರಿಸುವ ಕಾರ್ಖಾನೆಯೊಂದಿತ್ತು. ಎಲ್ಲರ ಬೆರಳೂ ಅದರ ಕಡೆಗೆ ತಿರುಗಿತು. ನಾಲ್ಕು ತಿಂಗಳಲ್ಲಿ ಈ ಪೀಡೆಯನ್ನು ಸಂಪೂರ್ಣವಾಗಿ ತೊಲಗಿಸುವುದಾಗಿ ಮೇಯರ್ ಫ್ಲೆಚರ್ ಬೌರನ್ ಸಾರಿದರು. ಕಾರ್ಖಾನೆಯನ್ನು ನಿಲ್ಲಿಸಲಾಯಿತು. ಹೊಗೆಮಂಜು ಮಾತ್ರ ನಿಲ್ಲಲಿಲ್ಲ.

ಹೊಗೆಮಂಜು ಎಂಬ ಮಾತೇ ಅವರನ್ನು ದಾರಿ ತಪ್ಪಿಸಿತು ಎನ್ನಬೇಕು. ಈ ಹೆಸರು ಲಂಡನ್ನಿನಿಂದ ಬಂದದ್ದು. ಅಲ್ಲಿ ಕಲ್ಲಿದ್ದಲಿನ ಹೊಗೆಯೂ ಚಳಿಗಾಲದ ಮಂಜೂ ಕೂಡಿಕೊಂಡು, ಗಂಧಕದ ವಾಸನೆಯೊಡನೆ ಕವಿಯುತ್ತಿತ್ತು. ಲಾಸ್ ಏಂಜಲೀಸಿನಲ್ಲಿ ಕಲ್ಲಿದ್ದಲಿನ ಬಳಕೆ ಅಷ್ಟಾಗಿ ಇರಲಿಲ್ಲ. ಮಬ್ಬು ಕವಿಯುತ್ತಿದ್ದುದು ಚಳಿಯ ರಾತ್ರಿಗಳಲ್ಲೂ ಅಲ್ಲ, ಬಿಸಿಲು ಚುರುಗುಟ್ಟುವ ಬೇಸಿಗೆಯ ಹಗಲಿನಲ್ಲಿ. ಹೊಗೆಯೂ ಅಲ್ಲ, ಮಂಜೂ ಅಲ್ಲ. ಆದರೆ ಹೆಸರಿಟ್ಟ ಮೇಲೆ ಮದ್ದನ್ನೂ ಹೆಸರಿಗೆ ತಕ್ಕಂತೆಯೇ ಹುಡುಕುವುದು ಮನುಷ್ಯ ಸ್ವಭಾವ. 1947ರಲ್ಲಿ ಹುಟ್ಟಿಕೊಂಡ ವಾಯುಮಾಲಿನ್ಯ ನಿಯಂತ್ರಣ ಮಂಡಳಿ ಕಾರ್ಖಾನೆಗಳ ಹೊಗೆಗೊಳವೆಗಳನ್ನು ಬಿಗಿಮಾಡಿತು, ತೈಲ ಶುದ್ಧೀಕರಣ ಘಟಕಗಳ ಗಂಧಕಕ್ಕೆ ಕಡಿವಾಣ ಹಾಕಿತು. ಜನ ಮನೆಯ ಹಿತ್ತಲಲ್ಲಿ ಕಸ ಸುಡುವ ಗೂಡುಗಳನ್ನು ಇಟ್ಟುಕೊಂಡಿದ್ದರು. 1957ರಲ್ಲಿ ಅವುಗಳಿಗೂ ನಿಷೇಧ ಬಂತು. ಇವೆಲ್ಲ ಒಳ್ಳೆಯ ಕೆಲಸಗಳೇ. ಆದರೆ ಕಣ್ಣುರಿ ಹಾಗೆಯೇ ಉಳಿಯಿತು.

ಮೊದಲ ಸುಳಿವು ಕೊಟ್ಟದ್ದು ಸೊಪ್ಪು. ಊರ ಸುತ್ತಲಿನ ತೋಟಗಳಲ್ಲಿ ಪಾಲಕ್, ಲೆಟ್ಯೂಸ್ ಮುಂತಾದ ಸೊಪ್ಪಿನ ಎಲೆಗಳ ಅಡಿಭಾಗ ಬೆಳ್ಳಿಯ ಅಥವಾ ಕಂಚಿನ ಮೆರುಗು ಹಚ್ಚಿದಂತಾಗಿ ಬಾಡುತ್ತಿದ್ದವು. ಗಂಧಕದ ಅನಿಲ ತಗುಲಿದ ಎಲೆ ಹೀಗೆ ಕಾಣುವುದಿಲ್ಲ ಎಂದು ಸಸ್ಯತಜ್ಞರಿಗೆ ಗೊತ್ತಿತ್ತು. ಹಾಗಾದರೆ ಗಾಳಿಯಲ್ಲಿದ್ದುದು ಏನು?

ಇಲ್ಲಿ ಆರಿ ಹಾಗೆನ್-ಸ್ಮಿಟ್ ಎಂಬವರ ಪ್ರವೇಶವಾಗುತ್ತದೆ. ಹಾಲೆಂಡಿನ ಉಟ್ರೆಕ್ಟ್ ಊರಿನಲ್ಲಿ 1900ರಲ್ಲಿ ಹುಟ್ಟಿದ ಈ ಜೀವರಸಾಯನ ವಿಜ್ಞಾನಿ ಕ್ಯಾಲಿಫೋರ್ನಿಯಾ ತಂತ್ರಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದರು. ಅವರ ಸಂಶೋಧನೆಯ ವಿಷಯ ಅನಾನಸ್. ಅನಾನಸಿನ ಘಮಕ್ಕೆ ಯಾವ ಯಾವ ರಾಸಾಯನಿಕಗಳು ಕಾರಣ ಎಂದು ಅವರು ಬಿಡಿಸಿ ನೋಡುತ್ತಿದ್ದರು. ಘಮವೆಂದರೆ ಗಾಳಿಯಲ್ಲಿ ಅತ್ಯಲ್ಪ ಪ್ರಮಾಣದಲ್ಲಿ ತೇಲುವ ಆವಿ. ಅದನ್ನು ಅತಿಶೀತ ಕೊಳವೆಗಳ ಮೂಲಕ ಹಾಯಿಸಿ ಹನಿಗಟ್ಟಿಸಿ ಪರೀಕ್ಷಿಸುವುದರಲ್ಲಿ ಅವರು ಪಳಗಿದ್ದರು. ಅದೇ ಉಪಕರಣವನ್ನು ಕಿಟಕಿಯ ಹೊರಗಿನ ಗಾಳಿಗೆ ಹಿಡಿದರೆ ಹೇಗೆ ಎಂಬ ಪ್ರಶ್ನೆ ಬಂತು. ಹಿಡಿದರು. ಸಿಕ್ಕಿದ್ದು ಕೆಲವೇ ತೊಟ್ಟು ಕಂದು ಬಣ್ಣದ, ಗಬ್ಬು ವಾಸನೆಯ ದ್ರವ. ಅದರಲ್ಲಿ ಪೆಟ್ರೋಲಿನ ಅಂಶಗಳು ಅರೆಬರೆ ಉತ್ಕರ್ಷಣೆಗೊಂಡು ಬೇರೆಯೇ ವಸ್ತುಗಳಾಗಿ ಮಾರ್ಪಟ್ಟಿದ್ದವು.

ಅನಂತರ ಅವರು ಮಾಡಿದ ಪ್ರಯೋಗಗಳು ಮನೆಯ ಅಡುಗೆಯಷ್ಟು ಸರಳ. ಗಿಡಗಳನ್ನು ಮುಚ್ಚಿದ ಕೋಣೆಯಲ್ಲಿಟ್ಟು, ಒಳಕ್ಕೆ ಪೆಟ್ರೋಲಿನ ಆವಿಯನ್ನೂ ಓಜೋನ್ ಅನಿಲವನ್ನೂ ಬಿಟ್ಟರು. ಎಲೆಗಳ ಅಡಿಯಲ್ಲಿ ಅದೇ ಬೆಳ್ಳಿಯ ಮೆರುಗು ಬಂತು. ಓಜೋನನ್ನು ಅಳೆಯಲು ಅವರು ಬಳಸಿದ್ದು ಬಗ್ಗಿಸಿ ಕಟ್ಟಿದ ರಬ್ಬರಿನ ತುಂಡುಗಳನ್ನು. ಓಜೋನ್ ತಾಗಿದರೆ ಎಳೆದ ರಬ್ಬರು ಬಿರಿಯುತ್ತದೆ. ಎಷ್ಟು ನಿಮಿಷಕ್ಕೆ ಬಿರಿಯಿತು ಎಂಬುದರಿಂದ ಗಾಳಿಯಲ್ಲಿ ಎಷ್ಟು ಓಜೋನ್ ಇದೆ ಎಂದು ಲೆಕ್ಕ ಹಾಕಬಹುದು. ಲಾಸ್ ಏಂಜಲೀಸಿನ ಕಾರುಗಳ ಟೈರುಗಳು ಬೇಗ ಬಿರಿಯುತ್ತಿದ್ದುದಕ್ಕೂ ಇದೇ ಕಾರಣವೆಂದು ತಿಳಿದುಬಂತು. ಈ ಓಜೋನ್ ಯಾವ ಕೊಳವೆಯಿಂದಲೂ ಹೊರಬರುತ್ತಿರಲಿಲ್ಲ. ಸುಡದ ಪೆಟ್ರೋಲಿನ ಆವಿ ಒಂದು ಕಡೆಯಿಂದ, ಎಂಜಿನ್ನಿನ ಉರಿಯಲ್ಲಿ ಹುಟ್ಟುವ ಸಾರಜನಕದ ಆಕ್ಸೈಡುಗಳು ಇನ್ನೊಂದು ಕಡೆಯಿಂದ ಬಂದು, ಬಿಸಿಲಿನಲ್ಲಿ ಕೂಡಿ ಅಲ್ಲಿಯೇ ಓಜೋನನ್ನು ಹುಟ್ಟಿಸುತ್ತಿದ್ದವು. ಮೂರು ಕಡೆ ಬೆಟ್ಟ, ಒಂದು ಕಡೆ ಕಡಲು, ಮೇಲೆ ಮುಚ್ಚಳ ಹಾಕಿದಂತೆ ಬಿಸಿಗಾಳಿಯ ಪದರ: ಊರಿಗೆ ಊರೇ ಒಂದು ಬಾಣಲೆಯಾಗಿತ್ತು. 1952ರಲ್ಲಿ ಹಾಗೆನ್-ಸ್ಮಿಟ್ ಇದನ್ನೆಲ್ಲ ವಿವರವಾಗಿ ಪ್ರಕಟಿಸಿದರು.

ಅವರು ಈ ಕೆಲಸವನ್ನು ಮುಂದುವರಿಸಿದ್ದರ ಹಿಂದೆ ಸ್ವಲ್ಪ ಸಿಟ್ಟೂ ಇತ್ತು. ಮೊದಲ ಸುಳಿವುಗಳು ಸಿಕ್ಕಿದ ಮೇಲೆ ಅವರು ತಮ್ಮ ಅನಾನಸಿಗೆ ಮರಳಿದ್ದರಂತೆ. ತೈಲೋದ್ಯಮದವರ ಹಣದಿಂದ ಹೊಗೆಮಂಜಿನ ಅಧ್ಯಯನ ನಡೆಸುತ್ತಿದ್ದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಯೊಬ್ಬರು ಹಾಗೆನ್-ಸ್ಮಿಟ್ಟರ ಸಂಸ್ಥೆಗೇ ಬಂದು, ಅವರ ತೀರ್ಮಾನಗಳು ನಿಲ್ಲುವಂಥವಲ್ಲ ಎಂಬರ್ಥದ ಉಪನ್ಯಾಸ ಕೊಟ್ಟರು. ಕೇಳುಗರಲ್ಲಿ ಹಾಗೆನ್-ಸ್ಮಿಟ್ ಕೂಡ ಇದ್ದರು. ಅನಾನಸನ್ನು ಪಕ್ಕಕ್ಕಿಟ್ಟು ಮತ್ತೆ ಗಾಳಿಯ ಕಡೆಗೆ ತಿರುಗಿದವರು ಆಮೇಲೆ ಹಿಂದಿರುಗಲಿಲ್ಲ. 1968ರಲ್ಲಿ ಕ್ಯಾಲಿಫೋರ್ನಿಯಾ ವಾಯು ಸಂಪನ್ಮೂಲ ಮಂಡಳಿಯ ಮೊದಲ ಅಧ್ಯಕ್ಷರಾದರು. 1977ರಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡರು.

ಅವರ ಶೋಧನೆಯ ತಿರುಳನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು. ಹೊಗೆ ಉಗುಳುವ ಲಾರಿಯನ್ನು ಕಂಡರೆ ನಾವು ಮೂಗು ಮುಚ್ಚಿಕೊಳ್ಳುತ್ತೇವೆ. ಸುಮ್ಮನೆ ನೆರಳಿನಲ್ಲಿ ನಿಂತ ಕಾರನ್ನು ಕಂಡು ಯಾರೂ ಮೂಗು ಮುಚ್ಚುವುದಿಲ್ಲ. ಆದರೆ ಹಾಗೆ ನಿಂತ ಕಾರೂ ಆವಿ ಬಿಡುತ್ತಿರುತ್ತದೆ. ಬೆಳಗಿನಿಂದ ಮಧ್ಯಾಹ್ನದವರೆಗೆ ಬಿಸಿಲೇರಿದಂತೆ ಟ್ಯಾಂಕಿ ಕಾಯುತ್ತದೆ. ಪೆಟ್ರೋಲಿನಲ್ಲಿರುವ ಬ್ಯೂಟೇನ್, ಪೆಂಟೇನ್‌ಗಳಂಥ ಹಗುರ ಅಂಶಗಳು ಆವಿಯಾಗಿ ಮುಚ್ಚಳದ ತೂತಿನಿಂದ ಹೊರಡುತ್ತವೆ. ರಾತ್ರಿ ತಂಪಾದಾಗ ಅದೇ ತೂತಿನಿಂದ ಗಾಳಿ ಒಳಬರುತ್ತದೆ. ಟ್ಯಾಂಕಿ ದಿನಕ್ಕೊಮ್ಮೆ ಉಸಿರಾಡುತ್ತದೆ ಎಂದರೂ ಸರಿಯೇ. ಓಡಿ ಬಂದು ನಿಂತ ಬಿಸಿ ಎಂಜಿನ್ನಿನ ಮೇಲಿದ್ದ ಕಾರ್ಬ್ಯುರೇಟರಿನ ಬಟ್ಟಲಿನಿಂದಲೂ ಪೆಟ್ರೋಲ್ ಆರಿಹೋಗುತ್ತಿತ್ತು. ಯಾವ ನಿಯಂತ್ರಣವೂ ಇಲ್ಲದ ಅಂದಿನ ಕಾರಿನಿಂದ ಹೊರಬೀಳುತ್ತಿದ್ದ ಒಟ್ಟು ಹೈಡ್ರೊಕಾರ್ಬನ್ನಿನಲ್ಲಿ ಸುಮಾರು ಶೇಕಡಾ 60ರಷ್ಟು ಹಿಂಬದಿಯ ಹೊಗೆಗೊಳವೆಯಿಂದ, ಶೇಕಡಾ 20ರಷ್ಟು ಎಂಜಿನ್ನಿನ ಕೆಳಗಿನ ಎಣ್ಣೆಯ ಕೋಣೆಯಿಂದ, ಉಳಿದ ಶೇಕಡಾ 20ರಷ್ಟು ಟ್ಯಾಂಕಿ ಮತ್ತು ಕಾರ್ಬ್ಯುರೇಟರಿನಿಂದ ಬರುತ್ತಿತ್ತು ಎಂಬುದು ಎಂಜಿನಿಯರುಗಳ ಲೆಕ್ಕ. ಅಂದರೆ ಐದರಲ್ಲೊಂದು ಪಾಲು ಉರಿಯದೆಯೇ ಗಾಳಿಗೆ ಹೋಗುತ್ತಿದ್ದ ಪೆಟ್ರೋಲು. ಮಾಲೀಕನ ಜೇಬಿನಿಂದ ಹೋದದ್ದೂ ಅದೇ. ಆದರೆ ಕಣ್ಣಿಗೆ ಕಾಣದ ನಷ್ಟವನ್ನು ಯಾರೂ ನಷ್ಟವೆಂದು ಬರೆದಿಡುವುದಿಲ್ಲ.

ಕಾರು ತಯಾರಕರು ಇದನ್ನು ಒಪ್ಪಿಕೊಳ್ಳಲು ಅವಸರಪಡಲಿಲ್ಲ. ಲಾಸ್ ಏಂಜಲೀಸ್ ಕೌಂಟಿಯ ಚುನಾಯಿತ ಪ್ರತಿನಿಧಿ ಕೆನೆತ್ ಹಾನ್ 1953ರಲ್ಲಿ ಫೋರ್ಡ್ ಕಂಪನಿಗೆ ಪತ್ರ ಬರೆದು, ಈ ಬಗ್ಗೆ ಏನು ಮಾಡುತ್ತಿದ್ದೀರಿ ಎಂದು ಕೇಳಿದರು. ಕಾರಿನಿಂದ ಬರುವ ಅನಿಲ ವಾತಾವರಣದಲ್ಲಿ ಬೇಗನೆ ಕರಗಿಹೋಗುತ್ತದೆ, ಅದೊಂದು ಸಮಸ್ಯೆಯೇ ಅಲ್ಲ ಎಂಬ ಅರ್ಥದ ಉತ್ತರ ಬಂತು. ಹಾನ್ ಬಿಡಲಿಲ್ಲ, ವರ್ಷಗಟ್ಟಲೆ ಪತ್ರ ಬರೆಯುತ್ತಲೇ ಹೋದರು. 1969ರ ಜನವರಿಯಲ್ಲಿ, ಮಾಲಿನ್ಯ ತಡೆಯುವ ಸಾಧನಗಳನ್ನು ತಡಮಾಡಲು ಕಾರು ತಯಾರಕರು ಒಳಗೊಳಗೇ ಒಪ್ಪಂದ ಮಾಡಿಕೊಂಡಿದ್ದಾರೆಂದು ಅಮೆರಿಕದ ನ್ಯಾಯ ಇಲಾಖೆಯೇ ಮೊಕದ್ದಮೆ ಹೂಡಿತು. ಅದು ಅದೇ ವರ್ಷ ರಾಜಿಯಲ್ಲಿ ಮುಗಿಯಿತು.

ಅಷ್ಟರಲ್ಲಿ ಮೂರು ದಾರಿಗಳನ್ನೂ ಒಂದೊಂದಾಗಿ ಮುಚ್ಚುವ ಕೆಲಸ ಶುರುವಾಗಿತ್ತು. ಎಣ್ಣೆಕೋಣೆಯ ಅನಿಲವನ್ನು ಮತ್ತೆ ಎಂಜಿನ್ನಿಗೇ ಕುಡಿಸುವ ಕವಾಟ 1961ರ ಹೊತ್ತಿಗೆ ಕ್ಯಾಲಿಫೋರ್ನಿಯಾದ ಹೊಸ ಕಾರುಗಳಿಗೆ ಬಂತು. ಹೊಗೆಗೊಳವೆಗೆ ಅಲ್ಲಿ 1966ರ ಮಾದರಿಯಿಂದ ಮಿತಿ ಬಂತು. ಟ್ಯಾಂಕಿಯ ಆವಿಯ ಸರದಿ ಬಂದದ್ದು ಕೊನೆಗೆ: ಕ್ಯಾಲಿಫೋರ್ನಿಯಾದಲ್ಲಿ 1970ರ ಮಾದರಿಗಳಿಗೆ, ಮರುವರ್ಷ ಇಡೀ ಅಮೆರಿಕಕ್ಕೆ. ಮುಚ್ಚಳದ ತೂತನ್ನು ಮುಚ್ಚಬೇಕಾಯಿತು. ಮುಚ್ಚಿದರೆ ಟ್ಯಾಂಕಿ ಉಸಿರಾಡುವುದು ಹೇಗೆ?

ಉತ್ತರ ಸಿಕ್ಕಿದ್ದು ಇದ್ದಿಲಿನಲ್ಲಿ. ಒಲೆಯ ಇದ್ದಿಲಲ್ಲ, ವಿಶೇಷವಾಗಿ ಸಂಸ್ಕರಿಸಿದ ಕ್ರಿಯಾಶೀಲ ಇದ್ದಿಲು. ಇದರ ಒಂದು ಗ್ರಾಮಿನಲ್ಲಿರುವ ಸೂಕ್ಷ್ಮ ರಂಧ್ರಗಳ ಗೋಡೆಗಳನ್ನೆಲ್ಲ ಬಿಡಿಸಿ ಹಾಸಿದರೆ ಸಾವಿರ ಚದರ ಮೀಟರಿನಷ್ಟಾಗುತ್ತದೆ. ಆವಿಯ ಕಣಗಳು ಆ ಗೋಡೆಗಳಿಗೆ ಅಂಟಿಕೊಳ್ಳುತ್ತವೆ. ಒಂದನೆಯ ಮಹಾಯುದ್ಧದಲ್ಲಿ ವಿಷಾನಿಲದ ಮುಖವಾಡಗಳಿಗೆ ಇದೇ ವಿದ್ಯೆಯನ್ನು ಬಳಸಿದ್ದರು. ತೆಂಗಿನ ಕರಟದ ಇದ್ದಿಲು ಅದಕ್ಕೆ ಶ್ರೇಷ್ಠ. 1918ರಲ್ಲಿ ಅಮೆರಿಕದ ಶಾಲಾಮಕ್ಕಳು ಸೈನಿಕರ ಮುಖವಾಡಕ್ಕಾಗಿ ಪೀಚ್ ಹಣ್ಣಿನ ಓಟೆಗಳನ್ನು ಕೂಡಿಹಾಕಿದ್ದೂ ಉಂಟು. ಕಾರಿಗೆ ಮಾತ್ರ ಕರಟದ ಇದ್ದಿಲಿಗಿಂತ ಮರದ ಪುಡಿಯಿಂದ ಮಾಡಿದ ಇದ್ದಿಲು ಮೇಲು. ಕರಟದ ಇದ್ದಿಲಿನ ರಂಧ್ರಗಳು ಬಹಳ ಕಿರಿದು, ಹಿಡಿದದ್ದನ್ನು ಬಿಡುವುದಿಲ್ಲ. ಮುಖವಾಡಕ್ಕೆ ಆ ಗುಣ ಬೇಕು. ಕಾರಿಗೆ ಬೇಕಾದದ್ದು ನಿಂತಾಗ ಹಿಡಿದು ಓಡುವಾಗ ಬಿಡುವ ಇದ್ದಿಲು.

ವ್ಯವಸ್ಥೆ ಹೀಗಿದೆ. ಟ್ಯಾಂಕಿಯ ಆವಿ ಕೊಳವೆಯ ಮೂಲಕ ಇದ್ದಿಲಿನ ಡಬ್ಬಿಗೆ ಹೋಗಿ ಅಲ್ಲಿ ತಂಗುತ್ತದೆ. ಕಾರು ಓಡುವಾಗ ಡಬ್ಬಿ ಮತ್ತು ಎಂಜಿನ್ನಿನ ನಡುವಿನ ಕವಾಟ ತೆರೆದುಕೊಳ್ಳುತ್ತದೆ. ಎಂಜಿನ್ನು ಹೊರಗಿನ ಗಾಳಿಯನ್ನು ಡಬ್ಬಿಯ ಮೂಲಕ ಎಳೆದುಕೊಳ್ಳುವಾಗ ಆವಿಯೂ ಜೊತೆಗೆ ಹೋಗಿ ಉರಿದುಹೋಗುತ್ತದೆ. ಇದ್ದಿಲು ಮತ್ತೆ ಖಾಲಿ. ಡಬ್ಬಿಗೆ ಗಾಳಿ ಬರುವ ಬಾಯಿಗೂ ಒಂದು ಕವಾಟವಿದೆ. ಈ ಎರಡು ಕವಾಟಗಳ ಹೆಸರು ನೆನಪಿರಲಿ: ಮೊದಲನೆಯದು ಪರ್ಜ್ ಕವಾಟ, ಎರಡನೆಯದು ವೆಂಟ್ ಕವಾಟ. ಮುಂದಿನ ಕಥೆಯೆಲ್ಲ ಇವುಗಳ ಸುತ್ತಲೇ ಇದೆ.

ಹೊಸ ಕಾರು ಎಷ್ಟು ಆವಿ ಬಿಡುತ್ತದೆ ಎಂದು ತೂಗಲು ಕಾರನ್ನೇ ಗಾಳಿಯಾಡದ ಕೋಣೆಯೊಳಗೆ ಕೂಡಿಹಾಕುವ ಪರೀಕ್ಷೆ ಬಂತು. 1978ರ ಮಾದರಿಗಳಿಗೆ ಒಂದು ಪರೀಕ್ಷೆಗೆ 6 ಗ್ರಾಮ್ ಮಿತಿ, 1981ರಿಂದ 2 ಗ್ರಾಮ್. ಎರಡು ಗ್ರಾಮ್ ಪೆಟ್ರೋಲೆಂದರೆ ಅರ್ಧ ಟೀ ಚಮಚಕ್ಕೆ ಚೂರು ಹೆಚ್ಚು. ಆದರೆ ಇದು ಹೊಸ ಕಾರಿನ ಮಾತು. ಐದಾರು ವರ್ಷ ಬಿಸಿಲು ಮಳೆ ಕಂಡ ರಬ್ಬರು ಕೊಳವೆ ಬಿರುಕು ಬಿಟ್ಟರೆ, ಮಾಲೀಕ ಮುಚ್ಚಳವನ್ನು ಪೆಟ್ರೋಲ್ ಬಂಕಿನಲ್ಲೇ ಮರೆತು ಬಂದರೆ, ಕಾರ್ಖಾನೆಯಲ್ಲಿ ಪಟ್ಟ ಶ್ರಮವೆಲ್ಲ ನೀರಿನಲ್ಲಿ ಹೋಮ. ಯಾರಿಗೂ ಗೊತ್ತೂ ಆಗುವುದಿಲ್ಲ.

ಆದ್ದರಿಂದ ಕಾರು ತನ್ನ ಸೋರಿಕೆಯನ್ನು ತಾನೇ ಕಂಡುಹಿಡಿದು ಹೇಳಬೇಕು ಎಂಬ ನಿಯಮ ಬಂತು. 1996ರ ಮಾದರಿಯ ಹೊತ್ತಿಗೆ ಅಮೆರಿಕದಲ್ಲಿ ಮಾರಾಟವಾಗುವ ಎಲ್ಲ ಹೊಸ ಕಾರುಗಳಿಗೂ ಸ್ವಯಂತಪಾಸಣೆಯ ಎರಡನೆಯ ತಲೆಮಾರಿನ ವ್ಯವಸ್ಥೆ ಕಡ್ಡಾಯವಾಯಿತು. ಟ್ಯಾಂಕಿಯ ವಿಷಯದಲ್ಲಿ ಅದು ಹಿಡಿಯಬೇಕಾದ ತೂತಿನ ವ್ಯಾಸ ಅಂಗುಲದ ಸಾವಿರದಲ್ಲಿ 40 ಭಾಗ, ಅಂದರೆ ಒಂದು ಮಿಲಿಮೀಟರ್. ಕ್ಯಾಲಿಫೋರ್ನಿಯಾಕ್ಕೆ ಅದೂ ಸಾಲಲಿಲ್ಲ. 2000ದಿಂದ ಹಂತಹಂತವಾಗಿ ಅದನ್ನು 20 ಭಾಗಕ್ಕೆ, ಅರ್ಧ ಮಿಲಿಮೀಟರಿಗೆ ಇಳಿಸಿದರು. ವ್ಯಾಸ ಅರ್ಧವಾದರೆ ತೂತಿನ ವಿಸ್ತೀರ್ಣ ನಾಲ್ಕನೆಯ ಒಂದು ಭಾಗವಾಗುತ್ತದೆ. ಹೊಲಿಗೆಯ ಸೂಜಿ ಕೂಡ ಸರಾಗವಾಗಿ ತೂರಲಾರದಷ್ಟು ಸಣ್ಣದು.

ಐವತ್ತು ಲೀಟರಿನ ಟ್ಯಾಂಕಿಯಲ್ಲಿ, ಮೀಟರುಗಟ್ಟಲೆ ಕೊಳವೆಗಳಲ್ಲಿ, ಇಂಥ ತೂತು ಎಲ್ಲೋ ಒಂದು ಕಡೆ ಇದೆ ಎಂದು ಕಾರಿಗೆ ತಿಳಿಯುವುದು ಹೇಗೆ? ಸೈಕಲ್ ಟ್ಯೂಬಿನ ಪಂಕ್ಚರ್ ನೋಡುವವನ ತರ್ಕವೇ ಇಲ್ಲೂ ಇದೆ. ಗಾಳಿ ತುಂಬುವ ಬದಲು ಹೀರುತ್ತಾರೆ, ಅಷ್ಟೆ. ಕಂಪ್ಯೂಟರು ವೆಂಟ್ ಕವಾಟವನ್ನು ಮುಚ್ಚಿ, ಪರ್ಜ್ ಕವಾಟವನ್ನು ತೆರೆದು, ಎಂಜಿನ್ನಿನ ಸೆಳೆತದಿಂದ ಟ್ಯಾಂಕಿಯೊಳಗಿನ ಒತ್ತಡವನ್ನು ತುಸು ಇಳಿಸುತ್ತದೆ. ಅನಂತರ ಪರ್ಜ್ ಕವಾಟವನ್ನೂ ಮುಚ್ಚಿ ಕಾಯುತ್ತದೆ. ಇಳಿದ ಒತ್ತಡ ಹಾಗೆಯೇ ನಿಂತರೆ ಕ್ಷೇಮ. ನಿಗದಿತ ಹೊತ್ತಿಗೆ ಮುಂಚೆ ಏರಿಬಿಟ್ಟರೆ ಎಲ್ಲಿಂದಲೋ ಗಾಳಿ ಒಳಬರುತ್ತಿದೆ ಎಂದರ್ಥ. ಇನ್ನು ಕೆಲವು ಕಾರುಗಳದು ಇದಕ್ಕಿಂತ ಚೆಲುವಾದ ಉಪಾಯ. ರಾತ್ರಿ ಕಾರು ನಿಲ್ಲಿಸಿದ ಮೇಲೆ ಟ್ಯಾಂಕಿ ತಣಿಯುತ್ತದೆ, ಆವಿ ಹನಿಗಟ್ಟುತ್ತದೆ, ಮುಚ್ಚಿದ ಟ್ಯಾಂಕಿಯಲ್ಲಿ ಒತ್ತಡ ತಾನಾಗಿಯೇ ಇಳಿಯುತ್ತದೆ. ಇಳಿಯಿತೇ ಎಂದು ನೋಡಿದರಾಯಿತು. ಹಿಂದೆ ಹೊಗೆಮಂಜಿಗೆ ದಾರಿಯಾಗಿದ್ದ ಟ್ಯಾಂಕಿಯ ದೈನಿಕ ಉಸಿರಾಟವನ್ನೇ ಇಲ್ಲಿ ವೈದ್ಯ ನಾಡಿಯಂತೆ ಹಿಡಿದು ನೋಡುತ್ತಾನೆ.

ಈ ಪರೀಕ್ಷೆಗೆ ಮಡಿ ಮೈಲಿಗೆ ಬಹಳ. ಟ್ಯಾಂಕಿ ತೀರ ಖಾಲಿ ಇರಬಾರದು, ತುಂಬಿಯೂ ಇರಬಾರದು. ಹವೆ ತುಂಬ ಬಿಸಿಯಾಗಲಿ ತುಂಬ ಚಳಿಯಾಗಲಿ ಆಗಬಾರದು. ಕಾರು ಕೆಲವು ಗಂಟೆ ತಣ್ಣಗೆ ನಿಂತಿರಬೇಕು. ಹೀಗಾಗಿ ದಿನಗಟ್ಟಲೆ ಪರೀಕ್ಷೆಯೇ ನಡೆಯದೆ ಹೋಗಬಹುದು. ಸಾಮಾನ್ಯವಾಗಿ ಎರಡು ಪ್ರಯಾಣಗಳಲ್ಲಿ ದೋಷ ಕಂಡರೆ ದೀಪ ಹತ್ತುತ್ತದೆ. ಮೂರು ಪ್ರಯಾಣಗಳಲ್ಲಿ ಸತತವಾಗಿ ದೋಷವಿಲ್ಲವೆಂದು ಕಂಡರೆ ಆರುತ್ತದೆ. ಇದನ್ನು ತಿಳಿಯದೆ ಹಣ ಕಳೆದುಕೊಂಡವರಿಗೆ ಲೆಕ್ಕವಿಲ್ಲ. ದೀಪ ಹತ್ತಿತು, ಯಾರೋ ಮುಚ್ಚಳ ಸರಿಯಾಗಿ ತಿರುಗಿಸಿ ಎಂದರು, ತಿರುಗಿಸಿದರು, ದೀಪ ಆರಲಿಲ್ಲ. ಹಾಗಾದರೆ ಮುಚ್ಚಳವಲ್ಲ ಎಂದು ಪರ್ಜ್ ಕವಾಟ ಬದಲಿಸಿದರು, ಅನಂತರ ಡಬ್ಬಿ ಬದಲಿಸಿದರು. ಅಷ್ಟರಲ್ಲಿ ಮೂರು ಪ್ರಯಾಣ ಮುಗಿದು ದೀಪ ಆರಿತು. ಡಬ್ಬಿಯೇ ಕೆಟ್ಟಿತ್ತು ಎಂದು ತೀರ್ಮಾನವಾಯಿತು. ಮುಚ್ಚಳ ಸರಿಹೋದ ದಿನವೇ ದೋಷ ಹೋಗಿತ್ತು.

ಹಾಗಾಗಿ ಅನುಭವಸ್ಥ ಮೆಕ್ಯಾನಿಕ್ ಮುಚ್ಚಳದಿಂದಲೇ ಶುರು ಮಾಡುತ್ತಾನೆ. ಅದರ ರಬ್ಬರು ಬಳೆ ಗಟ್ಟಿಯಾಗಿದೆಯೇ, ಬಿರಿದಿದೆಯೇ, ಮುಚ್ಚಳವನ್ನು ಕಾರಿಗೆ ಕಟ್ಟುವ ಪಟ್ಟಿ ನಡುವೆ ಸಿಕ್ಕಿಕೊಂಡಿದೆಯೇ, ಮುಚ್ಚಳ ಕೂರುವ ಬಾಯಿಯ ಅಂಚಿನಲ್ಲಿ ತುಕ್ಕಿದೆಯೇ ಎಂದು ನೋಡುತ್ತಾನೆ. ಅನಂತರ ಪರ್ಜ್ ಕವಾಟ. ವಿದ್ಯುತ್ ಇಲ್ಲದಾಗ ಅದು ಮುಚ್ಚಿರಬೇಕು. ಎಂಜಿನ್ ಓಡುತ್ತಿರುವಾಗ ಡಬ್ಬಿಯ ಕಡೆಯ ಕೊಳವೆಯನ್ನೂ ವಿದ್ಯುತ್ತಿನ ತಂತಿಯನ್ನೂ ಕಳಚಿ ಬೆರಳಿಟ್ಟರೆ ಸೆಳೆತ ಗೊತ್ತಾಗಬಾರದು. ಗೊತ್ತಾದರೆ ಕವಾಟ ಸರಿಯಾಗಿ ಮುಚ್ಚುತ್ತಿಲ್ಲ. ಪೆಟ್ರೋಲ್ ತುಂಬಿಸಿದ ಕೂಡಲೇ ಕಾರು ಸ್ಟಾರ್ಟ್ ಆಗಲು ಸತಾಯಿಸುತ್ತದೆ ಎಂದು ಮಾಲೀಕ ಹೇಳಿದರಂತೂ ಅನುಮಾನ ನೇರವಾಗಿ ಈ ಕವಾಟದ ಮೇಲೆಯೇ. ವೆಂಟ್ ಕವಾಟ ಬಹುತೇಕ ಕಾರಿನ ಅಡಿಯಲ್ಲಿ, ಧೂಳಿನ ನಡುವೆ ಇರುತ್ತದೆ; ಮಣ್ಣು ಸಿಕ್ಕಿಕೊಂಡು ಪೂರ್ತಿ ಮುಚ್ಚದೆ ಹೋಗುತ್ತದೆ.

ಇಷ್ಟರಲ್ಲೂ ಸಿಕ್ಕದಿದ್ದರೆ ಹೊಗೆ ಯಂತ್ರ. ಖನಿಜ ಎಣ್ಣೆಯನ್ನು ಕಾಯಿಸಿ ಬಿಳಿ ಹೊಗೆ ಮಾಡಿ, ವೆಂಟ್ ಕವಾಟವನ್ನು ಮುಚ್ಚಿಟ್ಟು, ಕೊಳವೆಗಳಿಗೆ ಅತಿ ಕಡಿಮೆ ಒತ್ತಡದಲ್ಲಿ ಊದುತ್ತಾರೆ. ಒಂದು ಚದರ ಅಂಗುಲಕ್ಕೆ ಅರ್ಧ ಪೌಂಡಿಗಿಂತ ಹೆಚ್ಚಿರಬಾರದು. ಒಂದಡಿಗಿಂತ ತುಸು ಎತ್ತರದ ನೀರಿನ ಭಾರ ಅದು. ಟೈರಿಗೆ ಗಾಳಿ ಹಾಕುವ ಪಂಪನ್ನು ನೇರವಾಗಿ ಹಚ್ಚಿದರೆ ತೂತು ಸಿಕ್ಕುವ ಮೊದಲು ಟ್ಯಾಂಕಿಯೇ ಉಬ್ಬೀತು. ಹೊಗೆ ತಳ್ಳಲು ಗಾಳಿಯ ಬದಲು ಸಾರಜನಕವನ್ನು ಬಳಸುವುದು ಕ್ಷೇಮ. ಗಾಳಿಯಲ್ಲಿ ಪೆಟ್ರೋಲಿನ ಆವಿ ಶೇಕಡಾ 1.4ರಿಂದ 7.6ರಷ್ಟಿದ್ದರೆ ಒಂದು ಕಿಡಿಗೆ ಸಿಡಿಯುತ್ತದೆ. ಬೆಂಕಿಕಡ್ಡಿ ಗೀರಿ ಸೋರಿಕೆ ಹುಡುಕುವುದು, ತೂತು ಬಿದ್ದ ಕೊಳವೆಗೆ ಟ್ಯಾಂಕಿಯ ಪಕ್ಕದಲ್ಲೇ ವೆಲ್ಡಿಂಗ್ ಮಾಡಿಸುವುದು, ಇವೆರಡೂ ಸಾಹಸವಲ್ಲ, ಆತ್ಮಹತ್ಯೆ.

ಹೊಗೆ ತುಂಬಿದ ಮೇಲೆ ಪ್ರಖರವಾದ ದೀಪ ಹಿಡಿದು ತಾಳ್ಮೆಯಿಂದ ನೋಡಬೇಕು. ಊದುಬತ್ತಿಯ ಹೊಗೆಯಂತೆ ಒಂದು ಎಳೆ ಎಲ್ಲೋ ಏಳುತ್ತದೆ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ಉತ್ತರದ ರಾಜ್ಯಗಳಲ್ಲಿ ಅದು ಹೆಚ್ಚಾಗಿ ಪೆಟ್ರೋಲ್ ತುಂಬುವ ಲೋಹದ ಕೊರಳಿನಿಂದ, ತುಕ್ಕು ತಿಂದ ಮಗ್ಗುಲಿನಿಂದ ಏಳುತ್ತದೆ. ಬಿಸಿಲಿನ ರಾಜ್ಯಗಳಲ್ಲಿ ರಬ್ಬರು ಕೊಳವೆಯ ತಿರುವಿನಿಂದ. ಇತ್ತೀಚೆಗೆ ಪೆಟ್ರೋಲ್ ಪಂಪನ್ನು ಬದಲಿಸಿದ್ದರೆ ಟ್ಯಾಂಕಿಯ ಮೇಲ್ಭಾಗದ ರಬ್ಬರು ಬಳೆ ಮಡಿಚಿ ಕೂತಿರುವ ಸಾಧ್ಯತೆಯೇ ಜಾಸ್ತಿ. ಬಿಸಿಯಾದಾಗ ಹಿಗ್ಗಿ ಮುಚ್ಚಿಕೊಳ್ಳುವ, ತಣಿದಾಗ ಮಾತ್ರ ಬಾಯಿಬಿಡುವ ಬಿರುಕುಗಳೂ ಇವೆ. ಅವಕ್ಕಾಗಿ ಕಾರನ್ನು ಒಂದು ರಾತ್ರಿ ನಿಲ್ಲಿಸಿಕೊಂಡು ಬೆಳಿಗ್ಗೆ ನೋಡಬೇಕಾಗುತ್ತದೆ. ಪತ್ತೆಯಾದ ಮೇಲೆ ರಿಪೇರಿ ಸುಲಭ: ಪೆಟ್ರೋಲ್ ಆವಿಗೆಂದೇ ಮಾಡಿದ ಕೊಳವೆಯ ಒಂದು ಗೇಣು ತುಂಡು, ಅಥವಾ ಒಂದು ಬಳೆ. ಕೆಲಸದ ಕೂಲಿಯೆಲ್ಲ ಹುಡುಕಿದ್ದಕ್ಕೆ. ಅಂಟು ಮೆತ್ತುವುದು ನಾಲ್ಕು ದಿನದ ಮಾತು. ಪೆಟ್ರೋಲ್ ಅದನ್ನು ತಿಂದುಹಾಕುತ್ತದೆ.

ಮಾಲೀಕರೇ ಮಾಡಿಕೊಳ್ಳುವ ಹಾನಿ ಒಂದಿದೆ. ಬಂಕಿನಲ್ಲಿ ಪಂಪು ತಾನಾಗಿ ನಿಂತ ಮೇಲೂ ಕತ್ತಿನ ತನಕ ತುಂಬಿಸುವುದು. ಹೆಚ್ಚಾದ ಪೆಟ್ರೋಲ್ ಇದ್ದಿಲ ಡಬ್ಬಿಗೆ ನುಗ್ಗುತ್ತದೆ. ಆವಿಗೆಂದು ಮಾಡಿದ ಇದ್ದಿಲು ದ್ರವದಲ್ಲಿ ತೊಯ್ದರೆ ಕೆಲಸಕ್ಕೆ ಬಾರದು. ಪುಡಿಯಾದರೆ ಆ ಪುಡಿ ಹೋಗಿ ಪರ್ಜ್ ಕವಾಟದಲ್ಲಿ ಕೂರುತ್ತದೆ. ‘ಟ್ಯಾಂಕ್ ಫುಲ್’ ಎಂದ ಮೇಲೂ ಇನ್ನೆರಡು ರೂಪಾಯಿಗೆ ಹಾಕಿ ಲೆಕ್ಕ ಸರಿಮಾಡಿ ಎನ್ನುವ ಅಭ್ಯಾಸ ನಮ್ಮಲ್ಲೂ ಇದೆಯಷ್ಟೆ. ಬಿಎಸ್-6 ಮಾನದಂಡ 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲಂತೂ ನಮ್ಮ ಬೈಕುಗಳಲ್ಲೂ ಇದ್ದಿಲ ಡಬ್ಬಿ ಸಾಮಾನ್ಯವಾಗಿದೆ. ಆದರೆ ಬಂಕಿನ ಪಕ್ಕದ ವ್ಯಾನಿನಲ್ಲಿ ಕೊಡುವ ನಮ್ಮ ಹೊಗೆ ತಪಾಸಣೆಯ ಚೀಟಿ ಪೆಟ್ರೋಲ್ ಗಾಡಿಯ ಹಿಂಬದಿಯ ಕೊಳವೆಯನ್ನಷ್ಟೇ ಮೂಸಿ ನೋಡುತ್ತದೆ. ಟ್ಯಾಂಕಿಯ ಮುಚ್ಚಳ ಇದೆಯೋ ಇಲ್ಲವೋ ಎಂಬುದು ಅದಕ್ಕೆ ಬೇಡ.

ಲಾಸ್ ಏಂಜಲೀಸಿನ ಗಾಳಿ ಪೂರ್ತಿ ತಿಳಿಯಾಗಿದೆ ಎನ್ನುವಂತಿಲ್ಲ. ಓಜೋನಿನ ವಿಷಯದಲ್ಲಿ ಅದು ಇಂದಿಗೂ ಅಮೆರಿಕದ ಮಾನದಂಡವನ್ನು ಮುಟ್ಟಿಲ್ಲ. ಆದರೆ 1955ರಲ್ಲಿ ಅಲ್ಲಿ ಗಾಳಿಯ ಹತ್ತು ಲಕ್ಷ ಭಾಗಕ್ಕೆ 0.68ರಷ್ಟು ಓಜೋನ್ ದಾಖಲಾಗಿತ್ತು. ಅಂದಿಗಿಂತ ಎಷ್ಟೋ ಪಟ್ಟು ಹೆಚ್ಚು ಕಾರುಗಳು ಓಡುತ್ತಿದ್ದರೂ ಈಗ ಅಂಥ ದಿನಗಳಿಲ್ಲ.

ಕೊನೆಗೊಂದು ಪ್ರಸಂಗ. 2011ರಲ್ಲಿ ಜಪಾನಿನ ಮಾಜ್ದಾ ಕಂಪನಿ ಉತ್ತರ ಅಮೆರಿಕದಲ್ಲಿ ಮಾರಿದ ಸುಮಾರು 65 ಸಾವಿರ ಕಾರುಗಳನ್ನು ವಾಪಸು ಕರೆಯಬೇಕಾಯಿತು. ಕಾರಣ ಒಂದು ಹಳದಿ ಜೇಡ. ಇದಕ್ಕೆ ಪೆಟ್ರೋಲಿನ ವಾಸನೆಯೆಂದರೆ ಪ್ರೀತಿಯಂತೆ. ಇದ್ದಿಲ ಡಬ್ಬಿಗೆ ಗಾಳಿ ಬರುವ ಕೊಳವೆಯೊಳಗೆ ಹೋಗಿ ಅದು ಬಲೆ ನೇಯುತ್ತಿತ್ತು. ಗಾಳಿಯ ದಾರಿ ಕಟ್ಟಿ, ಟ್ಯಾಂಕಿಯೊಳಗೆ ನಿರ್ವಾತ ಹೆಚ್ಚಿ, ಟ್ಯಾಂಕಿಯೇ ಬಿರಿಯುವ ಅಪಾಯವಿತ್ತು. ತೂತಿಲ್ಲದ ಎಣ್ಣೆ ಡಬ್ಬದ ಹಳೆಯ ಕಥೆಯೇ ಮತ್ತೆ. ಜೇಡ ನುಗ್ಗದಿರಲೆಂದು ಕಂಪನಿ ಕೊಳವೆಯೊಳಗೆ ಒಂದು ಸ್ಪ್ರಿಂಗ್ ಕೂರಿಸಿತು. 2014ರಲ್ಲಿ ಅದೇ ಮಾದರಿಯ ಇನ್ನೂ 42 ಸಾವಿರ ಕಾರುಗಳನ್ನು ಕರೆಯಬೇಕಾಗಿ ಬಂತು. ಸ್ಪ್ರಿಂಗಿಗೆ ಜೇಡ ಜಗ್ಗಿರಲಿಲ್ಲ. ಈ ಸಲ ಎಂಜಿನಿಯರುಗಳು ಜೇಡದ ತಂಟೆಗೆ ಹೋಗಲಿಲ್ಲ. ಕೊಳವೆಯಲ್ಲಿ ಬಲೆ ಇದ್ದರೂ ಟ್ಯಾಂಕಿಯ ನಿರ್ವಾತ ಮಿತಿಮೀರದಂತೆ ಕಾರಿನ ಕಂಪ್ಯೂಟರಿನ ತಂತ್ರಾಂಶವನ್ನು ತಿದ್ದಿ ಕಳಿಸಿದರು.